ಮನೆಯಿಂದ ಬಸ್ ಸ್ಟಾಪಿನವರೆಗೆ: ಬಡಾವಣೆಯ ಒಂದು ದಾರಿಯನ್ನು ವಿಕಲಚೇತನರಿಗೆ ಸುಗಮ ಮಾಡುವುದು ಹೇಗೆ

ನಮ್ಮ ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಬಿಎಂಟಿಸಿಯಲ್ಲಿ ತಗ್ಗು ನೆಲದ ಬಸ್ಸುಗಳೂ ಓಡುತ್ತವೆ. ಆದರೂ ವೀಲ್‌ಚೇರ್ ಬಳಸುವವರು, ಬಿಳಿ ಕೋಲು ಹಿಡಿದು ನಡೆಯುವವರು ಮನೆಯಿಂದ ಅಲ್ಲಿಯವರೆಗೆ ಬರಲಾಗದೆ ದುಡ್ಡು ಕೊಟ್ಟು ಆಟೊ ಹಿಡಿಯುತ್ತಾರೆ, ಇಲ್ಲವೇ ಹೊರಗೆ ಹೋಗುವುದನ್ನೇ ಕೈಬಿಡುತ್ತಾರೆ. ತೊಡಕು ಇರುವುದು ನಡುವಿನ ಐನೂರು ಮೀಟರಿನಲ್ಲಿ. ಎದ್ದು ನಿಂತ ಒಂದೇ ಒಂದು ಚಪ್ಪಡಿ ಸಾಕು, ಉಳಿದೆಲ್ಲ ಅನುಕೂಲವೂ ವ್ಯರ್ಥವಾಗಲು.

ಆದ್ದರಿಂದ ವಾರ್ಡಿನ ತುಂಬ ಅಲ್ಲೊಂದು ಇಲ್ಲೊಂದು ರ‍್ಯಾಂಪ್ ಕಟ್ಟಿಸುವ ಯೋಚನೆ ಬಿಡಿ. ಒಂದೇ ದಾರಿ ಆರಿಸಿಕೊಳ್ಳಿ. ಅರ್ಧ ಕಿಲೋಮೀಟರ್ ಸಾಕು. ಅದರ ಮೇಲೆ ಬಸ್ ಸ್ಟಾಪ್, ಔಷಧಿ ಅಂಗಡಿ, ನ್ಯಾಯಬೆಲೆ ಅಂಗಡಿ, ಪಾರ್ಕು ಇವುಗಳಲ್ಲಿ ಎರಡು ಮೂರಾದರೂ ಬರಲಿ. ಆ ದಾರಿಯಲ್ಲಿ ಎಲ್ಲೂ ಕಡಿತ, ಅಂದರೆ ದಾಟಲಾಗದ ಜಾಗ, ಉಳಿಯದಂತೆ ಮುಗಿಸಿ, ಆಮೇಲೆ ಮುಂದಿನದಕ್ಕೆ ಹೋಗಿ.

ಯಾರ ಜೊತೆ ನಡೆಯಬೇಕು

ದಾರಿ ಆರಿಸುವ ಮೊದಲೇ ಅದನ್ನು ಬಳಸಬೇಕಾದವರು ಜೊತೆಗಿರಬೇಕು. ಯಾರ ಮನೆಯಲ್ಲಿ ಯಾರಿದ್ದಾರೆ ಎನ್ನುವುದು ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರ ಮೂಲಕ ಮನೆಯವರನ್ನು ಕೇಳಿ. ಹೆಸರು, ಮನೆ ನಂಬರು, ಅಂಗವೈಕಲ್ಯದ ವಿವರಗಳನ್ನು ಪಟ್ಟಿ ಮಾಡಿ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಅದು ಅವರ ಖಾಸಗಿ ವಿಷಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ, ಅವುಗಳಲ್ಲಿ ಎಷ್ಟೋ ಹೊರಗೆ ಕಾಣುವಂಥವಲ್ಲ. ಹಾಗಾಗಿ ವೀಲ್‌ಚೇರ್ ಬಳಸುವವರು ಒಬ್ಬರು, ಕಣ್ಣು ಕಾಣದವರು ಒಬ್ಬರು, ಕಿವಿ ಕೇಳದವರು ಒಬ್ಬರು, ಊರುಗೋಲು ಅಥವಾ ವಾಕರ್ ಹಿಡಿದು ನಡೆಯುವ ಹಿರಿಯರು ಒಬ್ಬರು, ಆಟಿಸಂ ಇರುವ ಮಗುವಿನ ತಂದೆಯೋ ತಾಯಿಯೋ ಇದ್ದರೆ ತಂಡ ಸರಿಹೋಗುತ್ತದೆ. ಅವರು ಬಂದುಹೋಗುವ ಆಟೊ ಖರ್ಚನ್ನು ಬಡಾವಣೆಯ ನಿವಾಸಿಗಳ ಸಂಘವೇ ಕೊಡಲಿ.

ನಡೆಯಬಲ್ಲವರು ಬಾಡಿಗೆ ವೀಲ್‌ಚೇರಿನಲ್ಲಿ ಅರ್ಧ ಗಂಟೆ ಕುಳಿತು ನೋಡುವುದರಿಂದ ಸಮಸ್ಯೆ ಸರಿಯಾಗಿ ತಿಳಿಯುವುದಿಲ್ಲ. ದಿನವೂ ಬಳಸುವವರ ತೋಳಿನ ಬಲ ಬೇರೆ, ಅಭ್ಯಾಸ ಬೇರೆ, ಭಯ ಬೇರೆ. 1959ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಲಿಂಗರಾಜಪುರದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ವೀಲ್‌ಚೇರ್ ಮತ್ತು ಕೃತಕ ಕಾಲುಗಳ ಕೆಲಸದಲ್ಲಿರುವ ಜೆ.ಪಿ. ನಗರದ ಮೊಬಿಲಿಟಿ ಇಂಡಿಯಾ, ದೃಷ್ಟಿದೋಷ ಇರುವವರ ಜೊತೆ ಕೆಲಸ ಮಾಡುವ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಊರಿನಲ್ಲೇ ಇವೆ. ಸಂದೇಹ ಬಂದಾಗ ಕೇಳಿ.

ಅಳೆಯುವುದು

ಬೇಕಾದದ್ದು 5 ಮೀಟರಿನ ಟೇಪು, 60 ಸೆಂ.ಮೀ. ರಸಮಟ್ಟ (ಸ್ಪಿರಿಟ್ ಲೆವೆಲ್), ಸೀಮೆಸುಣ್ಣ, ಫೋನು. ಎರಡು ಸಲ ನಡೆಯಿರಿ: ಒಮ್ಮೆ ಹಗಲಿನಲ್ಲಿ, ಒಮ್ಮೆ ಸಂಜೆ ಏಳರ ಮೇಲೆ. ಮಳೆ ಬಿದ್ದ ಮರುದಿನವೂ ಒಮ್ಮೆ ನೋಡಿದರೆ ನೀರು ಎಲ್ಲಿ ನಿಲ್ಲುತ್ತದೆ ಎನ್ನುವುದು ಗೊತ್ತಾಗುತ್ತದೆ. ರ‍್ಯಾಂಪಿನ ಬುಡ ಕೆರೆಯಾಗಿದ್ದರೆ ರ‍್ಯಾಂಪ್ ಇದ್ದೂ ಇಲ್ಲದಂತೆ.

ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ ಅಗಲ 1.8 ಮೀಟರ್ ಇರಬೇಕು ಎನ್ನುತ್ತದೆ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಸಂಹಿತೆ. ಇಷ್ಟಿದ್ದರೆ ಎರಡು ವೀಲ್‌ಚೇರ್ ಎದುರುಬದುರು ಸಾಗುತ್ತವೆ. ಹಳೆಯ ಬಡಾವಣೆಗಳಲ್ಲಿ ಅಷ್ಟು ಸಿಗುವುದು ಕಷ್ಟ. ಕಂಬ, ಟ್ರಾನ್ಸ್‌ಫಾರ್ಮರ್, ಮರದ ಕಟ್ಟೆ ಇರುವ ಜಾಗದಲ್ಲೂ ಕನಿಷ್ಠ 90 ಸೆಂ.ಮೀ. ಉಳಿಯದಿದ್ದರೆ ಅದನ್ನು ಕಡಿತ ಎಂದೇ ಬರೆದುಕೊಳ್ಳಿ. ತಲೆಯ ಮೇಲೆ 2.2 ಮೀಟರ್ ತೆರವು ಬೇಕು. ಬಿಳಿ ಕೋಲು ನೆಲದ ಅಡ್ಡಿಯನ್ನು ಹೇಳುತ್ತದೆ, ಮುಖದ ಎತ್ತರಕ್ಕೆ ಜೋತುಬಿದ್ದ ಕೇಬಲ್ ಸುರುಳಿಯನ್ನೋ ಅಂಗಡಿಯ ಬೋರ್ಡನ್ನೋ ಅದು ಹೇಳುವುದಿಲ್ಲ.

ಚರಂಡಿ ಮೇಲಿನ ಚಪ್ಪಡಿಗಳ ನಡುವಿನ ಸಂದು 12 ಮಿ.ಮೀ. ದಾಟಿದರೆ ವೀಲ್‌ಚೇರಿನ ಮುಂದಿನ ಸಣ್ಣ ಗಾಲಿ, ಊರುಗೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಜಾಲರಿ ಹಾಕಿದ್ದರೆ ಅದರ ಸೀಳುಗಳು ನಡಿಗೆಗೆ ಅಡ್ಡವಾಗಿರಲಿ, ಉದ್ದಕ್ಕೆ ಬೇಡ.

ಇಳಿಜಾರು ಅಳೆಯುವುದು ಸುಲಭ. ರಸಮಟ್ಟವನ್ನು ರ‍್ಯಾಂಪಿನ ಮೇಲೆ ಇಟ್ಟು, ಕೆಳತುದಿಯನ್ನು ಗುಳ್ಳೆ ಮಧ್ಯಕ್ಕೆ ಬರುವವರೆಗೆ ಎತ್ತಿ ಹಿಡಿದು, ಅದರ ಕೆಳಗಿನ ಎತ್ತರ ಅಳೆಯಿರಿ. 60 ಸೆಂ.ಮೀ.ಗೆ 5 ಸೆಂ.ಮೀ. ಬಂದರೆ 1:12, ಅದೇ ಮಿತಿ. ಫೋನಿನ ಆ್ಯಪಿನಲ್ಲಾದರೆ ಸುಮಾರು 4.8 ಡಿಗ್ರಿ. ಫುಟ್‌ಪಾತಿನ ಅಡ್ಡ ಇಳಿಜಾರನ್ನೂ ಹೀಗೇ ನೋಡಿ: 60 ಸೆಂ.ಮೀ.ಗೆ 1.2 ಸೆಂ.ಮೀ. ದಾಟಬಾರದು. ಬೆಂಗಳೂರಿನ ರಸ್ತೆಗಳಲ್ಲಿ ಈ ಅಡ್ಡ ಇಳಿಜಾರೇ ಹೆಚ್ಚು ಕಾಡುತ್ತದೆ. ಕಾರು ಹತ್ತಿಸಲು ಪ್ರತಿ ಮನೆಯವರೂ ಗೇಟಿನಿಂದ ರಸ್ತೆಗೆ ಸಿಮೆಂಟು ಹಾಕಿರುತ್ತಾರೆ. ಅದನ್ನು ದಾಟುವ ವೀಲ್‌ಚೇರ್ ರಸ್ತೆಯ ಕಡೆಗೆ ಜಾರುತ್ತದೆ. ಗೇಟಿನ ಒಳಗೆ ಇಳಿಜಾರು ಶುರುಮಾಡಿ, ಫುಟ್‌ಪಾತಿನ ಮೇಲೆ 1.2 ಮೀಟರ್ ಪಟ್ಟಿಯನ್ನಾದರೂ ಮಟ್ಟಸವಾಗಿ ಬಿಡಲು ಮನೆಯವರನ್ನು ಒಪ್ಪಿಸುವುದು ಈ ಇಡೀ ಕೆಲಸದಲ್ಲಿ ತಾಳ್ಮೆ ಬೇಡುವ ಭಾಗ. ಜಗಳ ಬೇಡ. ಆ ದಾರಿಯಲ್ಲೇ ಹೋಗಬೇಕಾದ ನೆರೆಯವರನ್ನು ಕರೆದುಕೊಂಡು ಹೋಗಿ ತೋರಿಸಿ.

ರ‍್ಯಾಂಪ್ ಕಟ್ಟಿಸುವಾಗ

ಮೇಸ್ತ್ರಿಗಳಲ್ಲಿ ಹೆಚ್ಚಿನವರು ಸ್ಕೂಟರ್ ಹತ್ತಿಸುವ ಲೆಕ್ಕದಲ್ಲಿ ರ‍್ಯಾಂಪ್ ಕಟ್ಟುತ್ತಾರೆ. ಅಂಥದ್ದರಲ್ಲಿ ವೀಲ್‌ಚೇರ್ ಹಿಂದಕ್ಕೆ ಮಗುಚುತ್ತದೆ. ಲೆಕ್ಕವನ್ನು ಕಾಗದದ ಮೇಲೆ ಬರೆದೇ ಕೊಡಿ. ತಲಾ 15 ಸೆಂ.ಮೀ.ಯ ಮೂರು ಮೆಟ್ಟಿಲು ಅಂದರೆ 45 ಸೆಂ.ಮೀ. ಎತ್ತರ, ಅದಕ್ಕೆ ಹನ್ನೆರಡು ಪಟ್ಟು 5.4 ಮೀಟರ್ ಉದ್ದ. ಮೇಲೆ, ಕೆಳಗೆ ತಲಾ 1.5 ಮೀಟರ್ ಮಟ್ಟಸ ಜಾಗ ಸೇರಿಸಿದರೆ 8.4 ಮೀಟರ್. 30x40 ಸೈಟಿನ ಮುಂಭಾಗವೇ 9 ಮೀಟರ್ ಚಿಲ್ಲರೆ. ಆದ್ದರಿಂದ ಕಾಂಪೌಂಡ್ ಗೋಡೆಯ ಪಕ್ಕಕ್ಕೆ ತಿರುಗಿಸಿ, ತಿರುವಿನಲ್ಲೂ 1.5 ಮೀಟರ್ ಚೌಕ ಬಿಟ್ಟು ಕಟ್ಟಬೇಕಾಗುತ್ತದೆ. ಅಷ್ಟೂ ಜಾಗ ಇಲ್ಲದಿದ್ದರೆ ಕಡಿದಾಗಿ ಕಟ್ಟಬೇಡಿ. ಪಾರ್ಕಿಂಗ್ ಕಡೆಯ ಬಾಗಿಲಲ್ಲಿ ಮೆಟ್ಟಿಲು ಕಡಿಮೆ ಇದೆಯೇ ನೋಡಿ, ಅದನ್ನೇ ಮುಖ್ಯ ಬಾಗಿಲಾಗಿ ಬಳಸಿ. ಒಂದೇ ಮೆಟ್ಟಿಲಾದರೆ ಮಡಚುವ ಅಲ್ಯೂಮಿನಿಯಂ ರ‍್ಯಾಂಪ್ ಸಾಕು. ಆದರೆ ಅದನ್ನು ಹಾಕಿಕೊಡುವವರು ಯಾರು, ಯಾವ ನಂಬರಿಗೆ ಫೋನ್ ಮಾಡಬೇಕು ಎನ್ನುವುದನ್ನು ಬಾಗಿಲಲ್ಲೇ ಬರೆಯಿರಿ.

ಅಗಲ 1.2 ಮೀಟರಿಗೆ ಕಡಿಮೆ ಬೇಡ. ತುಂಬಿದ ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ನೀರು ಹಾಕಿ ಧಮ್ಮಸ್ ಮಾಡಿಸಿ. ಅದು ಸರಿಯಾಗದಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಮಧ್ಯ ಕುಸಿದು ಬಿರುಕು ಬಿಡುತ್ತದೆ. ಮೇಲೆ 10 ಸೆಂ.ಮೀ. ಕಾಂಕ್ರೀಟ್, ಹಸಿ ಇರುವಾಗಲೇ ಕಸಬರಿಕೆಯಿಂದ ಅಡ್ಡಗೆರೆ ಎಳೆದು ಒರಟು ಮಾಡಿ, ಏಳು ದಿನ ನೀರುಣಿಸಬೇಕು. ಅಂದ ಕಾಣಲೆಂದು ಪಾಲಿಶ್ ಗ್ರಾನೈಟ್ ಹಾಕಿಸುವುದು ಇಲ್ಲಿ ಎಲ್ಲೆಲ್ಲೂ ಕಾಣುವ ತಪ್ಪು. ಒದ್ದೆಯಾದರೆ ಚಪ್ಪಲಿಯೂ ಜಾರುತ್ತದೆ, ಗಾಲಿಯೂ ಜಾರುತ್ತದೆ. ಕಲ್ಲೇ ಬೇಕೆಂದರೆ ಬೆಂಕಿಯಲ್ಲಿ ಒರಟು ಮಾಡಿದ ಫ್ಲೇಮ್ಡ್ ಗ್ರಾನೈಟ್ ಕೇಳಿ. ತೆರೆದ ಬದಿಗೆ ಸುಮಾರು 10 ಸೆಂ.ಮೀ. ಎತ್ತರದ ಅಂಚು ಕಟ್ಟಿ, ಗಾಲಿ ಹೊರಗೆ ಇಳಿಯದ ಹಾಗೆ.

ಕೈಹಿಡಿ (ಹ್ಯಾಂಡ್‌ರೇಲ್) ಎರಡೂ ಬದಿಗೆ, ಎರಡು ಎತ್ತರದಲ್ಲಿ: 76 ಮತ್ತು 90 ಸೆಂ.ಮೀ. ಕೆಳಗಿನದು ಮಕ್ಕಳಿಗೆ, ಕುಳ್ಳಗಿರುವವರಿಗೆ, ವೀಲ್‌ಚೇರಿನಲ್ಲಿ ಕುಳಿತವರಿಗೆ. ಪೈಪಿನ ದಪ್ಪ 38ರಿಂದ 45 ಮಿ.ಮೀ., ಗೋಡೆಯಿಂದ 5 ಸೆಂ.ಮೀ. ದೂರ. ರ‍್ಯಾಂಪ್ ಮುಗಿದ ಮೇಲೂ 30 ಸೆಂ.ಮೀ. ಮುಂದುವರಿಯಲಿ, ನೆಲ ಮಟ್ಟಸವಾಯಿತೆಂದು ಕಣ್ಣು ಕಾಣದವರಿಗೆ ಕೈಯೇ ಹೇಳುತ್ತದೆ.

ಪಾರ್ಕಿನ ಗೇಟು, ಹಳದಿ ಟೈಲ್ಸು, ಶೌಚಾಲಯ

ಪಾರ್ಕುಗಳಲ್ಲಿ ಬೈಕು, ದನ ಬರದಿರಲೆಂದು ತಿರುಗುವ ಗೇಟು ಅಥವಾ ಒತ್ತೊತ್ತಾಗಿ ಗೂಟ ಹಾಕಿರುತ್ತಾರೆ. ವೀಲ್‌ಚೇರ್ ಹೋಗಲು 90 ಸೆಂ.ಮೀ. ಸಂದು ಬೇಕು, ಆ ಸಂದಿನಲ್ಲಿ ಸ್ಕೂಟರ್ ಕೂಡ ನುಗ್ಗುತ್ತದೆ. ವೀಲ್‌ಚೇರನ್ನು ಬಿಟ್ಟು ಸ್ಕೂಟರನ್ನು ಮಾತ್ರ ತಡೆಯುವ ಅಳತೆ ಯಾವುದೂ ಇಲ್ಲ. ಫುಟ್‌ಪಾತಿನ ಗೂಟಗಳಿಗೂ ಇದೇ ಮಾತು. ತಡೆಯಬೇಕಾದದ್ದು ಕಾವಲಿನಿಂದ, ದಂಡದಿಂದ.

ಕಣ್ಣು ಕಾಣದವರು ಕಾಲಿನಿಂದ, ಕೋಲಿನಿಂದ ಗುರುತಿಸುವ ಸ್ಪರ್ಶ ಟೈಲ್ಸಿನಲ್ಲಿ ಎರಡು ಬಗೆ: ಉದ್ದ ಗೆರೆ ಇರುವುದು ನಡೆ ಎನ್ನುತ್ತದೆ, ಚುಕ್ಕೆ ಇರುವುದು ನಿಲ್ಲು, ಮುಂದೆ ಏನೋ ಇದೆ ಎನ್ನುತ್ತದೆ. ಎರಡನ್ನೂ ಕಲಸಿ ಅಲಂಕಾರಕ್ಕೆ ಹಾಕಿದರೆ ಅದು ಸುಳ್ಳು ಹೇಳಿದಂತೆ. ಗೆರೆಯ ಸಾಲು ನೇರ ವಿದ್ಯುತ್ ಕಂಬಕ್ಕೆ ಹೋಗಿ ನಿಂತಿರುವುದು, ಗೋಡೆಗೆ ಅಂಟಿಕೊಂಡೇ ಸಾಗುವುದು ಸಾಮಾನ್ಯ ದೋಷಗಳು. ಅಂಚಿನಿಂದಲೂ ಅಡ್ಡಿಯಿಂದಲೂ 60 ಸೆಂ.ಮೀ. ದೂರ ಇರಲಿ. ಬಣ್ಣ ಹಳದಿಯೇ ಇರಲಿ. ಕಣ್ಣು ಮಸುಕಾಗಿರುವವರಿಗೆ ಬೂದು ನೆಲದ ಮೇಲಿನ ಬೂದು ಟೈಲ್ಸಿನಿಂದ ಉಪಯೋಗವಿಲ್ಲ.

ಸಮುದಾಯ ಭವನದ ಶೌಚಾಲಯ 2.2 x 2 ಮೀಟರ್ ಇರಬೇಕು, ಬಾಗಿಲು 90 ಸೆಂ.ಮೀ. ಅಗಲವಿದ್ದು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲಾದರೆ, ಒಳಗೆ ಬಿದ್ದವರ ದೇಹವೇ ಅಡ್ಡವಾಗಿ ತೆರೆಯಲು ಆಗುವುದಿಲ್ಲ. ಕಮೋಡಿನ ಎತ್ತರ 45ರಿಂದ 48 ಸೆಂ.ಮೀ. ಕರೆಗಂಟೆಯ ಹಗ್ಗ ನೆಲದಿಂದ 30 ಸೆಂ.ಮೀ.ವರೆಗೆ ಇಳಿದಿರಲಿ.

ಯಾರಿಗೆ ಬರೆಯಬೇಕು

ಫುಟ್‌ಪಾತ್ ಮತ್ತು ಪಾರ್ಕು ನಗರ ಪಾಲಿಕೆಯದು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ, ನಿಮ್ಮದು ಯಾವುದೆಂದು ಮೊದಲು ಖಚಿತಪಡಿಸಿಕೊಳ್ಳಿ. ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು, ಮ್ಯಾನ್‌ಹೋಲ್ ಜಲಮಂಡಳಿಯದು, ಫುಟ್‌ಪಾತ್ ಮೇಲೆ ನಿಲ್ಲಿಸಿದ ವಾಹನ ಸಂಚಾರ ಪೊಲೀಸರದು. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತದೆ. ಒಂದು ಕಡಿತಕ್ಕೆ ಒಂದು ದೂರು, ಟೇಪಿನ ಅಂಕಿ ಕಾಣುವ ಒಂದು ಫೋಟೊ, ಎಷ್ಟಿದೆ ಮತ್ತು ಎಷ್ಟಿರಬೇಕು ಎಂಬ ಒಂದು ಸಾಲು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 40, 44, 45ನೇ ಕಲಂಗಳನ್ನು ಉಲ್ಲೇಖಿಸಿ. 44ರ ಪ್ರಕಾರ ನಿಯಮ ಪಾಲಿಸದ ನಕ್ಷೆಗೆ ಅನುಮತಿಯನ್ನೇ ಕೊಡುವಂತಿಲ್ಲ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳೂ ಇದರಲ್ಲಿ ಸೇರುತ್ತವೆ, ಹಾಗಾಗಿ ಕಲ್ಯಾಣ ಮಂಟಪಕ್ಕೂ ಸೂಪರ್ ಮಾರ್ಕೆಟಿಗೂ ಬರೆಯಬಹುದು. ಕನಿಷ್ಠ ಮಾನದಂಡಗಳನ್ನು ಬರೀ ಶಿಫಾರಸಾಗಿ ಬಿಡದೆ ಕಡ್ಡಾಯ ಮಾಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಹೇಳಿದೆ. ಉತ್ತರ ಬಾರದಿದ್ದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ದೂರು ಕೊಡಿ, ಅವರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ.

ದೂರಿಗಿಂತ ಹೆಚ್ಚು ಫಲ ಕೊಡುವುದು ಕೆಲಸ ಶುರುವಾಗುವ ಮುಂಚೆ ನಕ್ಷೆ ನೋಡುವುದು. ರಸ್ತೆ ಅಗೆಯುವ ಸುದ್ದಿ ಬಂದ ಕೂಡಲೇ ಮಾಹಿತಿ ಹಕ್ಕಿನಡಿ ಫುಟ್‌ಪಾತಿನ ನಕ್ಷೆ ಮತ್ತು ಅಂದಾಜು ಪಟ್ಟಿ ಕೇಳಿ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಕಾಂಕ್ರೀಟ್ ಬಿದ್ದ ಮೇಲೆ ಒಡೆಸುವುದು ಬಹಳ ಕಷ್ಟ.

ಸಭೆ, ನೋಟಿಸು, ಹಬ್ಬ

ಸಂಘದ ನೋಟಿಸನ್ನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದರೆ ಫೋನಿನ ಓದುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಪಠ್ಯವಾಗಿಯೇ ಕಳಿಸಿ. ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಟಾಕ್‌ಬ್ಯಾಕ್‌ನಂಥ ಓದುವ ತಂತ್ರಾಂಶ ಅದನ್ನು ಓದುತ್ತದೆಂದು ನೆಚ್ಚುವಂತಿಲ್ಲ. ಚಿತ್ರ ಕಳಿಸಲೇಬೇಕಿದ್ದರೆ ಅದರಲ್ಲೇನಿದೆ ಎಂದು ಎರಡು ಸಾಲು ಕೆಳಗೆ ಬರೆಯಿರಿ.

ಕಿವಿ ಕೇಳದವರು ಸಭೆಗೆ ಬರುವುದಾದರೆ ಸನ್ನೆ ಭಾಷೆಯ ದುಭಾಷಿಯನ್ನು ಮುಂಚಿತವಾಗಿ ಗೊತ್ತುಮಾಡಿ. ಸಭೆ ಒಂದು ಗಂಟೆ ದಾಟುವುದಾದರೆ ಇಬ್ಬರು ಬೇಕು, ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ. ಅವರ ಮುಖ ಮತ್ತು ಕೈಗಳ ಮೇಲೆ ಬೆಳಕು ಬೀಳಲಿ, ಬೆನ್ನ ಹಿಂದೆ ಕಿಟಕಿ ಬೇಡ. ಮಾತನಾಡುವಾಗ ಅವರನ್ನಲ್ಲ, ಕಿವಿ ಕೇಳದವರನ್ನೇ ನೋಡಿ.

ಗಣೇಶನ ಪೆಂಡಾಲ್, ರಾಜ್ಯೋತ್ಸವದ ವೇದಿಕೆ ಹಾಕುವಾಗ ನೀವು ಸರಿಮಾಡಿದ ದಾರಿಯೇ ಮೊದಲು ಮುಚ್ಚಿಹೋಗುತ್ತದೆ. ಜಾಗ ಗುರುತಿಸುವ ದಿನವೇ 1.2 ಮೀಟರ್ ಬಿಡಿಸಿಕೊಳ್ಳಿ. ನೆಲದ ಮೇಲಿನ ವೈರುಗಳನ್ನು ಮೇಲೆ ಕಟ್ಟಿಸಿ. ನೆಲದ ಪಂಕ್ತಿಯ ಜೊತೆಗೆ ಅದೇ ಸಾಲಿನ ತುದಿಯಲ್ಲಿ ಟೇಬಲ್ ಊಟವೂ ಇರಲಿ, ಬೇರೆ ಕೋಣೆಯಲ್ಲಿ ಅಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಸದ್ದು ತಡೆಯಲಾಗದ ಮಕ್ಕಳಿಗಾಗಿ ಧ್ವನಿವರ್ಧಕ ಶುರುವಾಗುವ ಮುಂಚಿನ ಒಂದು ಗಂಟೆಯನ್ನು ದರ್ಶನಕ್ಕೆಂದು ಗೊತ್ತುಮಾಡಿ, ಆ ವೇಳೆಯನ್ನು ಕರಪತ್ರದಲ್ಲೇ ಅಚ್ಚುಹಾಕಿಸಿ.

ಸಹಾಯ ಮಾಡುವವರಿಗೆ ಎರಡೇ ಮಾತು. ಕೇಳದೆ ವೀಲ್‌ಚೇರ್ ತಳ್ಳಬೇಡಿ. ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ, ಅವರೇ ನಿಮ್ಮ ಮೊಣಕೈ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದಿರಿ.

ಕೆಲಸ ಮುಗಿದ ಮೇಲೆ ತಿಂಗಳಿಗೊಮ್ಮೆ ಅದೇ ತಂಡ ಅದೇ ದಾರಿಯಲ್ಲಿ ನಡೆಯಲಿ. ನೋಡಬೇಕಾದದ್ದು ನಾಲ್ಕು: ರ‍್ಯಾಂಪಿನ ಬುಡದಲ್ಲಿ ಬೈಕು ನಿಂತಿದೆಯೇ, ಯಾರಾದರೂ ಅಗೆದು ಚಪ್ಪಡಿಯನ್ನು ಓರೆಯಾಗಿ ಮುಚ್ಚಿದ್ದಾರೆಯೇ, ಕೊಂಬೆ ಕೆಳಗೆ ಬಾಗಿದೆಯೇ, ಭವನದ ಶೌಚಾಲಯ ಪೊರಕೆ ಬಕೆಟ್ಟುಗಳ ಉಗ್ರಾಣವಾಗಿದೆಯೇ. ಶೌಚಾಲಯಕ್ಕೆ ಬೀಗ ಹಾಕಲೇಬೇಕಾದರೆ ಕೀಲಿ ಯಾರ ಬಳಿ ಇದೆ ಎನ್ನುವುದನ್ನು ಬಾಗಿಲ ಮೇಲೆ, ಕುಳಿತವರ ಕಣ್ಣಿಗೂ ಬೀಳುವ ಎತ್ತರದಲ್ಲಿ, ದಪ್ಪ ಅಕ್ಷರಗಳಲ್ಲಿ ಬರೆಸಿ.