ಆಟೊರಿಮೂವ್‌ಗೆ ‘ವೈ’ ಒತ್ತುವ ಮುನ್ನ

ಉಬುಂಟುವಿನಂಥ ಲಿನಕ್ಸ್‌ನಲ್ಲಿ ಬೇಡದ ಆ್ಯಪ್ ಒಂದನ್ನು ತೆಗೆದು, ಹಿಂದೆಯೇ ‘ಸುಡೊ ಆಪ್ಟ್ ಆಟೊರಿಮೂವ್’ ಕೊಟ್ಟು, ರೀಬೂಟ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಲಾಗಿನ್ ಕೇಳುವ ಒಂದು ಸಾಲು. ಡೆಸ್ಕ್‌ಟಾಪೇ ಇಲ್ಲ. ಎಲ್ಲರೂ ಬೈಯುವುದು ಆಟೊರಿಮೂವ್‌ಗೆ. ಆದರೆ ಎಡವಟ್ಟು ಆಗಿರುವುದು ಬಹುತೇಕ ಅದರ ಹಿಂದಿನ ಕಮಾಂಡ್‌ನಲ್ಲಿ.

ಸಾಫ್ಟ್‌ವೇರ್ ಹಾಕುವ, ತೆಗೆಯುವ ಟೂಲ್ ಆಪ್ಟ್. ಅದು ಪ್ರತಿ ಪ್ಯಾಕೇಜ್‌ಗೂ, ಅಂದರೆ ಸಾಫ್ಟ್‌ವೇರ್‌ನ ಪ್ರತಿ ಕಟ್ಟಿಗೂ, ಒಂದು ಗುರುತು ಇಟ್ಟಿರುತ್ತದೆ: ನೀವೇ ಕೇಳಿ ಹಾಕಿಸಿದ್ದು ‘ಮ್ಯಾನ್ಯುವಲ್’, ಇನ್ನೊಂದರ ಅಗತ್ಯಕ್ಕೆ ತಾನಾಗಿ ಬಂದಿದ್ದು ‘ಆಟೊ’. ಆಟೊ ಗುರುತಿನದು ಯಾರಿಗೂ ಬೇಡವಾದರೆ ಆಟೊರಿಮೂವ್ ಅದನ್ನು ಎತ್ತಿ ಹಾಕುತ್ತದೆ, ಅಷ್ಟೇ. ಡೆಸ್ಕ್‌ಟಾಪ್‌ನ ನೂರಾರು ತುಂಡುಗಳನ್ನು ಹಿಡಿದಿಟ್ಟಿರುವುದು ಎಷ್ಟೋ ಸಲ ‘ಉಬುಂಟು ಡೆಸ್ಕ್‌ಟಾಪ್’ನಂಥ ಒಂದು ಖಾಲಿ ಮೆಟಾ ಪ್ಯಾಕೇಜ್, ಅಂದರೆ ಬೇರೆ ಪ್ಯಾಕೇಜ್‌ಗಳನ್ನು ಕರೆಸಿಕೊಳ್ಳಲಿಕ್ಕೆಂದೇ ಇರುವ ಪ್ಯಾಕೇಜ್. ಅದು ನೆಚ್ಚಿಕೊಂಡ ಒಂದನ್ನು ತೆಗೆದರೆ ಮೆಟಾ ಪ್ಯಾಕೇಜೂ ಹೋಗುತ್ತದೆ, ಆಮೇಲೆ ಉಳಿದವು ಅನಾಥ. ಇದಕ್ಕೆ ಆಪ್ಟ್‌ನಲ್ಲಿ ಒಂದಿಷ್ಟು ತಡೆ ಇದೆ ನಿಜ, ಅದನ್ನೇ ನಂಬಿಕೊಂಡು ಕೂರಬೇಡಿ.

ಹಾಗಾಗಿ ಮೂರು ಎಚ್ಚರಿಕೆ. ಮೊದಲನೆಯದು, ತಾಲೀಮು. ಕಮಾಂಡ್‌ಗೆ ‘ಹೈಫನ್ ಎಸ್’ ಸೇರಿಸಿದರೆ ಏನೂ ಅಳಿಸದೆ ಏನೇನು ಹೋಗುತ್ತದೆ ಅಂತ ಮಾತ್ರ ತೋರಿಸುತ್ತದೆ. ಆಟೊರಿಮೂವ್‌ಗೆ ಮಾತ್ರ ಅಲ್ಲ, ಮೊದಲ ರಿಮೂವ್‌ಗೂ ಇದನ್ನೇ ಮಾಡಿ.

ಎರಡನೆಯದು, ಪಟ್ಟಿ ಓದುವುದು. ಜನ ಎಡವುವುದೇ ಇಲ್ಲಿ. ‘ಲಿಬ್’ ಅಂತ ಶುರುವಾಗುವ ಹೆಸರುಗಳು ಪುಟಗಟ್ಟಲೆ ಬರುತ್ತವೆ, ಕಣ್ಣು ಜಾರುತ್ತದೆ, ಬೆರಳು ತಾನಾಗಿ ‘ವೈ’ ಒತ್ತುತ್ತದೆ. ಎಲ್ಲವನ್ನೂ ಓದಬೇಕಿಲ್ಲ. ನೆಟ್‌ವರ್ಕ್ ಮ್ಯಾನೇಜರ್, ಲಾಗಿನ್ ಪರದೆ ತೋರಿಸುವ ಜಿಡಿಎಂ3 ಅಥವಾ ಲೈಟ್‌ಡಿಎಂ, ಝೋರ್ಗ್, ಗ್ನೋಮ್ ಶೆಲ್, ಪ್ಲಾಸ್ಮಾ, ಪೈಥಾನ್3, ಜೊತೆಗೆ ಕೊನೆಯಲ್ಲಿ ‘ಡೆಸ್ಕ್‌ಟಾಪ್’ ಇರುವ ಯಾವುದೇ ಹೆಸರು, ಇವನ್ನು ಹುಡುಕಿ. ಒಂದು ಕಂಡರೂ ‘ಎನ್’ ಒತ್ತಿ. ಹಳೇ ಕರ್ನಲ್‌ಗಳು (ಸಿಸ್ಟಮ್‌ನ ತಿರುಳು) ಕಂಡರೆ ಗಾಬರಿ ಬೇಡ, ಓಡುತ್ತಿರುವುದನ್ನೂ ಹೊಸದನ್ನೂ ಆಪ್ಟ್ ಉಳಿಸಿಕೊಳ್ಳುತ್ತದೆ. ಎರಡು ಡೆಸ್ಕ್‌ಟಾಪ್ ಹಾಕಿ ಒಂದನ್ನು ಕೀಳುವವರಂತೂ ಇನ್ನೂ ಹುಷಾರಾಗಿರಬೇಕು, ಲಾಗಿನ್ ಪರದೆ ಯಾವುದರ ಜೊತೆ ಬಂದಿತ್ತೋ ಅದರ ಜೊತೆಗೇ ಹೋಗಬಹುದು.

ಕೇಳದೆಯೇ ಎಲ್ಲಕ್ಕೂ ಹೂಂ ಅನ್ನುವ ‘ಹೈಫನ್ ವೈ’ ಸೇರಿಸುವ ಅಭ್ಯಾಸ ಬಿಡಿ. ಒಂದೇ ಕ್ಲಿಕ್‌ನಲ್ಲಿ ಕ್ಲೀನ್ ಮಾಡ್ತೀವಿ ಅನ್ನುವ ಟೂಲ್‌ಗಳೂ ಬೇಡ, ಸುಮ್ನೆ ಈ ಪಟ್ಟಿಯನ್ನೇ ನಿಮ್ಮಿಂದ ಮುಚ್ಚಿಡುತ್ತವೆ.

ಮೂರನೆಯದು: ಉಳಿಯಬೇಕಾದ ಹೆಸರಿಗೆ ‘ಆಪ್ಟ್ ಹೈಫನ್ ಮಾರ್ಕ್ ಮ್ಯಾನ್ಯುವಲ್’ ಕೊಡಿ.

ಆಗಲೇ ಎಡವಟ್ಟಾಗಿದ್ದರೆ? ರೀಬೂಟ್ ಮಾಡಬೇಡಿ. ತೆರೆದಿರುವ ಟರ್ಮಿನಲ್ ಮತ್ತು ನೆಟ್ ಇನ್ನೂ ಬದುಕಿದ್ದರೆ ಅಲ್ಲಿಂದಲೇ ಮೆಟಾ ಪ್ಯಾಕೇಜನ್ನು ಮತ್ತೆ ಹಾಕಿ. ರೀಬೂಟ್ ಆಗಿಹೋಗಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ಲಾಗಿನ್ ಆಗಿ. ‘ವಾರ್, ಲಾಗ್, ಆಪ್ಟ್’ ಫೋಲ್ಡರ್‌ನ ಹಿಸ್ಟರಿ ಲಾಗ್‌ನಲ್ಲಿ ಯಾವ ಕಮಾಂಡ್, ಯಾವ ಹೊತ್ತಿನಲ್ಲಿ ಓಡಿತು ಅನ್ನುವುದೆಲ್ಲ ಇರುತ್ತದೆ, ಏನೇನು ತೆಗೆಯಿತು ಅನ್ನುವುದು ‘ರಿಮೂವ್’ ಸಾಲಿನಲ್ಲಿ. ಆ ಸಾಲನ್ನು ಹಾಗೇ ಕಾಪಿ ಮಾಡಿ ‘ಆಪ್ಟ್ ಇನ್‌ಸ್ಟಾಲ್’ಗೆ ಕೊಟ್ಟರೆ ಕೆಲಸ ಆಗಲ್ಲ, ಹೆಸರಿನ ಪಕ್ಕದ ಆವೃತ್ತಿ, ಆವರಣ ಚಿಹ್ನೆ ಮತ್ತು ಅಲ್ಪವಿರಾಮಗಳನ್ನು ಅಳಿಸಬೇಕು. ನೆಟ್‌ವರ್ಕ್ ಮ್ಯಾನೇಜರೇ ಹೋಗಿದ್ದರೆ ವೈಫೈ ಜೊತೆ ಗುದ್ದಾಡದೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಹಳೇ ಸಿಸ್ಟಮ್‌ಗೆ ‘ಸಿಹೆಚ್‌ರೂಟ್’ ಆಗಿ, ಅಂದರೆ ಕಮಾಂಡ್‌ಗಳು ಅದರೊಳಗೇ ಓಡುವಂತೆ ಮಾಡಿಕೊಂಡು, ರಿಪೇರಿ ಮಾಡುವುದೇ ಸಲೀಸು. ನಿಮ್ಮ ಹೋಮ್ ಫೋಲ್ಡರ್‌ನ ಫೈಲ್‌ಗಳಿಗೆ ಇದರಿಂದ ಏನೂ ಆಗಿರುವುದಿಲ್ಲ, ಹಾಗಾಗಿ ಫಾರ್ಮ್ಯಾಟ್ ಮಾಡಲು ಹೋಗಬೇಡಿ.

ಫೆಡೋರಾ ಲಿನಕ್ಸ್‌ನವರೇ, ನಿಮ್ಮಲ್ಲಿ ಆಪ್ಟ್ ಬದಲು ಇರುವ ಡಿಎನ್‌ಎಫ್‌ಗೆ ‘ಡಿಎನ್‌ಎಫ್ ರಿಮೂವ್’ ಕೊಟ್ಟರೆ ಬೇಡವಾದ ಅವಲಂಬನೆಗಳೂ ಬೇರೆ ಕಮಾಂಡ್ ಇಲ್ಲದೆಯೇ ಜೊತೆಗೆ ಹೋಗುತ್ತವೆ, ಅಲ್ವಾ? ಆದರೆ ‘ಡಿಎನ್‌ಎಫ್ ಹಿಸ್ಟರಿ ಅಂಡು ಲಾಸ್ಟ್’ ಕೊಟ್ಟರೆ ವಾಪಸ್ ತರಬಹುದು. ಆಪ್ಟ್‌ನಲ್ಲಿ ಆ ಸುಖ ಸಿಗದವರು ಟೈಮ್‌ಶಿಫ್ಟ್ ಅನ್ನುವ ಟೂಲ್ ಹಾಕಿಕೊಂಡು, ತೆಗೆಯುವ ಮೊದಲೇ ಸಿಸ್ಟಮ್‌ನ ಒಂದು ಸ್ನ್ಯಾಪ್‌ಶಾಟ್ (ವಾಪಸ್ ಹೋಗಬಹುದಾದ ಪ್ರತಿ) ಇಟ್ಟುಕೊಳ್ಳಿ.