ಸ್ವೈಪ್ ಮಷೀನಿನ ವರದಿ ಸುಮ್ಮನೆ ಬಿಡಬೇಡಿ

ಅಂಗಡಿ ಇಟ್ಟವರಿಗೊಂದು ಮಾತು. ಸ್ವೈಪ್ ಮಷೀನು, ಕ್ಯೂಆರ್ ಎರಡರ ವರದಿಯನ್ನೂ ತಿಂಗಳಿಗೊಮ್ಮೆ ಇಳಿಸಿಟ್ಟುಕೊಳ್ಳಿ. ಒಟ್ಟು ಮೊತ್ತವನ್ನಷ್ಟೇ ನೋಡಿ ನಾನೇ ಒಮ್ಮೆ ಬೇಸ್ತು ಬಿದ್ದಿದ್ದೆ: ದುಡ್ಡು ಅಷ್ಟೇ ಬಂದಿತ್ತು, ಗಿರಾಕಿಗಳು ಕಮ್ಮಿಯಾಗಿದ್ದರು. 60,000 ರೂಪಾಯಿಗೆ 200 ಬಿಲ್ಲಾದರೆ ಸರಾಸರಿ 300; ಬಿಲ್ಲು 150ಕ್ಕಿಳಿದರೆ ಸರಾಸರಿ 400. ಖುಷಿಪಡುವ ಮೊದಲು ರೇಟು ಎಷ್ಟು ಏರಿದೆ ನೋಡಿ.

ಜೂನನ್ನು ಮೇ ಜೊತೆ ಹೋಲಿಸಬೇಡಿ. ನಮ್ಮ ಕಾರವಾರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲ ಮೀನುಗಾರಿಕಾ ಬಂದರಿನಲ್ಲಿ ಬೋಟು ನಿಂತರೆ ಪೇಟೆಯೂ ಮಂಕು. ಹೋದ ವರ್ಷದ ಜೂನ್ ಜೊತೆಗೇ ಇಟ್ಟು ನೋಡಿ. ಶಿರಸಿಯವರಿಗೆ ಅದೂ ಸಾಲದು, ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆಯಲ್ಲವೇ? ಜಾತ್ರೆಯ ತಿಂಗಳಿಗೆ ಹಿಂದಿನ ಜಾತ್ರೆಯ ತಿಂಗಳೇ ಅಳತೆ.

ದೇಶದ ಲೆಕ್ಕ ಬೇಕಾದರೆ ರಿಸರ್ವ್ ಬ್ಯಾಂಕ್ ಪ್ರತಿ ತಿಂಗಳೂ ಬ್ಯಾಂಕುವಾರು ಕಾರ್ಡ್ ಅಂಕಿಅಂಶ ಹಾಕುತ್ತದೆ, ಅಂಗಡಿಯಲ್ಲಿ ಉಜ್ಜಿದ್ದು ಬೇರೆ, ಆನ್‌ಲೈನ್ ಬೇರೆ.

ಇನ್ನೊಂದು. ನಗದು ಕೊಡುತ್ತಿದ್ದ ಗಿರಾಕಿ ಕ್ಯೂಆರ್‌ಗೆ ಬಂದರೂ ವರದಿಯಲ್ಲಿ ವ್ಯಾಪಾರ ಏರಿದಂತೆಯೇ ಕಾಣುತ್ತದೆ. ಗಲ್ಲಾಪೆಟ್ಟಿಗೆಯ ನಗದನ್ನೂ ಪಕ್ಕದ ಕಾಲಮ್ಮಿನಲ್ಲಿ ಬರೆದಿಡಿ.