ಅಡಿಕೆ ದರ ಕಾಣಬೇಕಿತ್ತು, ಜಾಂಗೋ ಆರಿಸಿದೆ

ಶಿರಸಿ ಹತ್ತಿರದ ನಮ್ಮ ಅಡಿಕೆ ಸೊಸೈಟಿಗೆ ವೆಬ್‌ಸೈಟ್ ಮಾಡಿಕೊಡಲು ಒಪ್ಪಿಕೊಂಡಾಗ ನಾನು ಜಾಸ್ತಿ ಯೋಚಿಸದೆ ರಿಯಾಕ್ಟ್ ಹಿಡಿದೆ, ಜಾವಾಸ್ಕ್ರಿಪ್ಟ್‌ನಲ್ಲಿ ವೆಬ್ ಪುಟ ಕಟ್ಟುವ ಸಲಕರಣೆ. ಕೆಲಸದಲ್ಲಿ ದಿನಾ ಬರೆಯುವುದು ಅದನ್ನೇ. ಆಫೀಸಿನ ವೈಫೈನಲ್ಲಿ ತೋರಿಸಿದೆ, ಎಲ್ಲರಿಗೂ ಇಷ್ಟವಾಯಿತು.

ಆ ಮಳೆಗಾಲದಲ್ಲಿ ಒಬ್ಬ ಸದಸ್ಯರ ಮನೆಗೆ ಹೋಗಿದ್ದೆ. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಅಂಗಳದ ಮೂಲೆಯಲ್ಲಿ ಒಂದು ಕಡ್ಡಿ ಸಿಗುತ್ತದೆ. ಅಲ್ಲಿ ನಿಂತು, ಮೊಬೈಲ್ ಎತ್ತಿ ಹಿಡಿದು, ತುಂಬಾ ಹೊತ್ತು ಕಾದರು. "ತಮಾ, ಬರೀ ಬಿಳೀ ಕಾಣ್ತು" ಅಂದರು. ನಾನು ಬರೆದಿದ್ದ ರೀತಿಯಲ್ಲಿ ಸರ್ವರ್ ಕಳಿಸುತ್ತಿದ್ದದ್ದು ಖಾಲಿ ಪುಟ. ಜಾವಾಸ್ಕ್ರಿಪ್ಟ್ ಕೋಡ್ ಪೂರ್ತಿ ಮೊಬೈಲ್‌ಗೆ ಇಳಿದು, ಓಡಿ, ಆಮೇಲೆ ಅದು ದರ ಕೇಳಿ ತರಬೇಕು. ಅವರಿಗೆ ಬೇಕಿದ್ದದ್ದು ರಾಶಿ, ಚಾಲಿ ಎಂಬ ಎರಡು ಬಗೆಯ ಅಡಿಕೆಯ ಇವತ್ತಿನ ದರ. ಎರಡೇ ಸಾಲು! ನನಗೆ ತುಂಬಾ ಬೇಜಾರಾಯಿತು.

ಮತ್ತೆ ಮೊದಲಿನಿಂದ ಯೋಚಿಸಿದೆ. ರಿಯಾಕ್ಟ್ ಮೇಲೇ ಕಟ್ಟಿದ ನೆಕ್ಸ್ಟ್ ಜೆಎಸ್ ಆದರೆ ಪುಟವನ್ನು ಸರ್ವರ್‌ನಲ್ಲೇ ತುಂಬಿ ಕಳಿಸಬಹುದು. ಆದರೆ ವ್ಯಾಪಾರ ಮುಗಿದ ಮೇಲೆ ದರ ಬರೆಯುವ ಕ್ಲಾರ್ಕ್ ಅಕ್ಕನಿಗೆ ಲಾಗಿನ್ ಬೇಕು, ಫಾರ್ಮ್ ಬೇಕು, ಅದೆಲ್ಲ ನಾನೇ ಕಟ್ಟಬೇಕು. ಸಿದ್ಧ ವೆಬ್‌ಸೈಟ್ ವ್ಯವಸ್ಥೆಯಾದ ವರ್ಡ್‌ಪ್ರೆಸ್‌ನಲ್ಲಿ ಒಂದೊಂದಕ್ಕೂ ಪ್ಲಗಿನ್ ಎಂಬ ಹೆಚ್ಚುವರಿ ತುಣುಕು ಸೇರುತ್ತಾ ಹೋಗುತ್ತದೆ, ಅಪ್‌ಡೇಟ್ ಮಾಡದೆ ಬಿಟ್ಟರೆ ಅಪಾಯ. ಪುಟಗಳನ್ನು ಮೊದಲೇ ತಯಾರಿಸಿಡುವ ಹ್ಯೂಗೋ ಬಹಳ ಹಗುರ, ನನಗೆ ಆಸೆಯೂ ಇತ್ತು. ಆದರೆ ದರ ಬದಲಿಸಲೆಂದು ಅಕ್ಕನಿಗೆ ಸುಮ್ನೆ ಗಿಟ್ (ಕೋಡ್ ಬರೆಯುವವರು ಫೈಲ್ ಬದಲಾವಣೆ ದಾಖಲಿಸುವ ಸಲಕರಣೆ) ಕಲಿಸುವುದು ಸರಿಯಲ್ಲ.

ಕೊನೆಗೆ ಆರಿಸಿದ್ದು ಜಾಂಗೋ, ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಲಕರಣೆ. ಇದೂ ಪುಟವನ್ನು ಸರ್ವರ್‌ನಲ್ಲೇ ತುಂಬಿ ಕಳಿಸುತ್ತದೆ. ಅದು ಹುಟ್ಟಿದ್ದು ಅಮೆರಿಕದ ಕನ್ಸಾಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ. 2005ರಲ್ಲಿ ಎಲ್ಲರ ಬಳಕೆಗೆ ಬಿಟ್ಟರು. ಸುದ್ದಿಮನೆಯವರು ತಾವೇ ಸುದ್ದಿ ತುಂಬಲು ಅನುಕೂಲವಾದ ಅಡ್ಮಿನ್ ಪುಟ ಅದರ ಜೊತೆಗೇ ಬರುತ್ತದೆ. ನಮ್ಮದೂ ಅದೇ ಕೆಲಸ ಅಲ್ವಾ, ಸುದ್ದಿ ಬದಲು ದರ! ದೀರ್ಘಾವಧಿ ಆವೃತ್ತಿ ಹಾಕಿಕೊಂಡರೆ 3 ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ.

ಅಡ್ಮಿನ್‌ನಲ್ಲಿ ಅಡಿಕೆ ಬಗೆಗಳ ಹೆಸರುಗಳನ್ನು ಕನ್ನಡದಲ್ಲೇ ಕೊಟ್ಟೆ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು. ಪ್ರತಿಯೊಂದಕ್ಕೂ ಕನಿಷ್ಠ, ಗರಿಷ್ಠ ದರ. ಮೊದಲ ದಿನ ಅಕ್ಕ ಚಾಲಿಯ ಗರಿಷ್ಠದಲ್ಲಿ ಒಂದು ಸೊನ್ನೆ ಬಿಟ್ಟರು. ಕನಿಷ್ಠಕ್ಕಿಂತ ಗರಿಷ್ಠ ಕಡಿಮೆಯಾಯಿತು, ಪುಟ ಕೆಂಪಕ್ಷರ ತೋರಿಸಿ ಅಲ್ಲೇ ತಡೆಯಿತು. ಅಷ್ಟಕ್ಕೆ ನಾನು ಬರೆದದ್ದು ನಾಲ್ಕು ಸಾಲು ಕೋಡ್. ತಪ್ಪು ದರ ನೋಡಿ ಯಾರೋ ಅಡಿಕೆ ಹೇರಿಕೊಂಡು ಬಂದಿದ್ದರೆ?

ಅಧ್ಯಕ್ಷರಿಗೆ ಮುಖಪುಟದಲ್ಲಿ ಫೋಟೊಗಳು ಓಡಬೇಕಿತ್ತು. ಆ ಅಂಗಳದ ಕಥೆ ಹೇಳಿದೆ, ಒಪ್ಪಿದರು. ಫೋಟೊಗಳಿಗೆ ಬೇರೆ ಪುಟ ಇದೆ. ಮುಖಪುಟದಲ್ಲಿ ದರದ ಪಟ್ಟಿ ಮಾತ್ರ.